ಸಾಲ ಕೊಟ್ಟ ಕಚೇರಿಯೇ ಶಿಕ್ಷೆಯನ್ನೂ ಬರೆಯಿತು: ನಾಜಿ ಆಡಳಿತದಲ್ಲಿ ಸಾಮಾನ್ಯ ಜರ್ಮನ್ನರ ಬದುಕು

1951ರಲ್ಲಿ, ಯುದ್ಧ ಮುಗಿದು ಆರು ವರ್ಷ ಕಳೆದಿದ್ದಾಗ, ಪಶ್ಚಿಮ ಜರ್ಮನಿಯ ಜನರನ್ನು ಒಂದು ಅಭಿಪ್ರಾಯ ಸಮೀಕ್ಷೆಯಲ್ಲಿ ಪ್ರಶ್ನಿಸಲಾಯಿತು: ಈ ಶತಮಾನದಲ್ಲಿ ಜರ್ಮನಿಯ ಪಾಲಿಗೆ ಎಲ್ಲಕ್ಕಿಂತ ಒಳ್ಳೆಯ ಕಾಲ ಯಾವುದಾಗಿತ್ತು? ಉತ್ತರ ಕೊಟ್ಟವರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಮಂದಿ 1933ರಿಂದ 1939ರವರೆಗಿನ ವರ್ಷಗಳನ್ನು ಹೆಸರಿಸಿದರು. ಆ ಹೊತ್ತಿಗೆ ಅವರ ಊರುಗಳು ಇನ್ನೂ ಪೂರ್ತಿ ಎದ್ದು ನಿಂತಿರಲಿಲ್ಲ. ಲಕ್ಷಾಂತರ ಮನೆಗಳಲ್ಲಿ ಗಂಡಸರು ಯುದ್ಧದಿಂದ ಮರಳಿರಲಿಲ್ಲ. ಯುರೋಪಿನ 60 ಲಕ್ಷ ಯಹೂದಿಗಳನ್ನು ಕೊಂದ ವಿಷಯ ನ್ಯಾಯಾಲಯಗಳಲ್ಲಿ ಸಾಬೀತಾಗಿ ಜಗತ್ತಿಗೆಲ್ಲ ತಿಳಿದಿತ್ತು. ಇಂಥ ಉತ್ತರವನ್ನು ಮೊಂಡುತನವೆಂದೋ ನಾಚಿಕೆಗೇಡೆಂದೋ ತಳ್ಳಿಹಾಕುವುದು ಸುಲಭ. ಆದರೆ ಹಾಗೆ ಉತ್ತರಿಸಿದವರು ನೆನಪಿಸಿಕೊಳ್ಳುತ್ತಿದ್ದದ್ದು ಖಾಯಂ ಕೆಲಸ, ತಿಂಗಳಿಗೆ ತಪ್ಪದ ಸಂಬಳ, ಜೀವಮಾನದಲ್ಲಿ ಮೊದಲ ಬಾರಿಗೆ ಸಿಕ್ಕ ರಜಾ ಪ್ರವಾಸ ಇಂಥವುಗಳನ್ನು. ಈ ನೆನಪು ಕಟ್ಟುಕಥೆಯಲ್ಲ. ಆ ಅನುಕೂಲಗಳು ಯಾವ ಬಾಗಿಲಿನಿಂದ ಬಂದವೋ ಅದೇ ಬಾಗಿಲಿನಿಂದ ಭಯವೂ ಬಹಿಷ್ಕಾರವೂ ಬಂದವೆಂಬ ಅರ್ಧ ಭಾಗ ಮಾತ್ರ ಅದರಲ್ಲಿ ಕಾಣೆಯಾಗಿದೆ. ಆ ಕಾಲದ ದೈನಂದಿನ ಬದುಕನ್ನು ಅರ್ಥಮಾಡಿಕೊಳ್ಳಬೇಕಾದರೆ ಇವೆರಡನ್ನೂ ಜೊತೆಯಲ್ಲೇ ನೋಡಬೇಕಾಗುತ್ತದೆ.

ಹೊರಡುವ ಮುನ್ನ ಒಂದು ಎಚ್ಚರಿಕೆ. 'ಸಾಮಾನ್ಯ ಜರ್ಮನ್ನರು' ಎಂದಾಗ ನಮ್ಮ ಕಣ್ಣಮುಂದೆ ಬರುವವರು ಯಹೂದಿಗಳಲ್ಲದ ಜರ್ಮನ್ನರು. 1933ರಲ್ಲಿ ಸುಮಾರು ಆರೂವರೆ ಕೋಟಿ ಜನಸಂಖ್ಯೆಯ ದೇಶದಲ್ಲಿ ಯಹೂದಿಗಳು ಐದು ಲಕ್ಷದಷ್ಟಿದ್ದರು, ಎಂದರೆ ನೂರಕ್ಕೆ ಒಬ್ಬರಿಗಿಂತ ಕಡಿಮೆ. ಅವರೂ ಅಂಗಡಿಯವರು, ವೈದ್ಯರು, ಮೊದಲ ಮಹಾಯುದ್ಧದಲ್ಲಿ ಜರ್ಮನಿಗಾಗಿ ಹೋರಾಡಿ ಪದಕ ಪಡೆದ ಮಾಜಿ ಸೈನಿಕರು. ಬೇರೆ ಯಾರಷ್ಟೇ ಸಾಮಾನ್ಯ ಜರ್ಮನ್ನರು. ಅವರನ್ನು ಬದಿಗಿಟ್ಟು 'ಸಾಮಾನ್ಯರ' ಕಥೆ ಹೇಳುವ ಅಭ್ಯಾಸ ನಾಜಿಗಳೇ ಬಿಟ್ಟುಹೋದದ್ದು.

ಹಿಟ್ಲರ್ ಪ್ರಧಾನಿಯಾಗಿ ನೇಮಕಗೊಂಡದ್ದು 1933ರ ಜನವರಿ 30ರಂದು. ಫೆಬ್ರವರಿ 27ರ ರಾತ್ರಿ ಸಂಸತ್ ಭವನಕ್ಕೆ ಬೆಂಕಿ ಬಿತ್ತು. ಮರುದಿನವೇ ಹೊರಟ ಸುಗ್ರೀವಾಜ್ಞೆಯು ವಾಕ್ ಸ್ವಾತಂತ್ರ್ಯ, ಸಭೆ ಸೇರುವ ಹಕ್ಕು, ಅಂಚೆಯ ಗೋಪ್ಯತೆ ಮೊದಲಾದವನ್ನೆಲ್ಲ ಅಮಾನತಿನಲ್ಲಿಟ್ಟಿತು, ಮತ್ತು ಆ ಅಮಾನತು ಹನ್ನೆರಡು ವರ್ಷ ತೆರವಾಗಲೇ ಇಲ್ಲ. ಮಾರ್ಚ್ 5ರ ಚುನಾವಣೆಯಲ್ಲಿ ಅಷ್ಟೆಲ್ಲ ಬೆದರಿಕೆಯ ನಡುವೆಯೂ ನಾಜಿ ಪಕ್ಷಕ್ಕೆ ಬಿದ್ದದ್ದು ಶೇಕಡ 43.9ರಷ್ಟು ಮತ. ಮಾರ್ಚ್ 23ರಂದು ಸಂಸತ್ತು 444ಕ್ಕೆ 94 ಮತಗಳಿಂದ ತನ್ನ ಶಾಸನಾಧಿಕಾರವನ್ನು ಸರ್ಕಾರಕ್ಕೆ ಒಪ್ಪಿಸಿತು. ವಿರುದ್ಧ ಮತ ಹಾಕಿದವರು ಎಡಪಂಥದ ಸೋಷಿಯಲ್ ಡೆಮಾಕ್ರಟರು ಮಾತ್ರ, ಕಮ್ಯುನಿಸ್ಟ್ ಸದಸ್ಯರು ಆಗಲೇ ಜೈಲಿನಲ್ಲೋ ಭೂಗತರಾಗಿಯೋ ಇದ್ದರು. ಜುಲೈ 14ರ ಹೊತ್ತಿಗೆ ನಾಜಿ ಪಕ್ಷವನ್ನು ಬಿಟ್ಟು ಬೇರೆ ಪಕ್ಷ ಕಟ್ಟುವುದೇ ಅಪರಾಧವಾಯಿತು. ಆರು ತಿಂಗಳೂ ಪೂರ್ತಿಯಾಗದ ಅವಧಿಯಲ್ಲಿ ನಡೆದುಹೋದ ಈ ಬದಲಾವಣೆಗಳು ಪತ್ರಿಕೆ ಓದುವವರಿಗೆ ದೊಡ್ಡ ಸುದ್ದಿಯಾಗಿದ್ದವು. ಆದರೆ ಕೆಲಸವಿಲ್ಲದೆ ಮನೆಯಲ್ಲಿ ಕುಳಿತವರಿಗೆ ಬೇರೆಯ ಚಿಂತೆಯಿತ್ತು.

1932–33ರ ಚಳಿಗಾಲದಲ್ಲಿ ಅಲ್ಲಿ ನೋಂದಾಯಿತ ನಿರುದ್ಯೋಗಿಗಳ ಸಂಖ್ಯೆ 60 ಲಕ್ಷದಷ್ಟಿತ್ತು. 1937ರ ವೇಳೆಗೆ ಅದು ಹತ್ತು ಲಕ್ಷಕ್ಕಿಂತ ಕೆಳಗಿಳಿಯಿತು. ಯುದ್ಧದ ಹಿಂದಿನ ವರ್ಷ ಕಾರ್ಖಾನೆಗಳು ಆಳು ಸಿಗದೆ ಪರದಾಡುತ್ತಿದ್ದವು. ಇದಕ್ಕೆ ಹೆದ್ದಾರಿಗಳ ನಿರ್ಮಾಣವೇ ಕಾರಣವೆಂದು ಇಂದಿಗೂ ಹಲವರು ನಂಬುತ್ತಾರೆ. ನಿಜದಲ್ಲಿ ಆ ಕೆಲಸಕ್ಕೆ ಹಿಡಿಸಿದ್ದು ಒಟ್ಟು ನಿರುದ್ಯೋಗಿಗಳ ಒಂದು ಸಣ್ಣ ಪಾಲು ಮಾತ್ರ. ಆರ್ಥಿಕ ಕುಸಿತ 1932ರ ಕೊನೆಗೇ ತಳ ಮುಟ್ಟಿ ಚೇತರಿಕೆಯ ಹಾದಿ ಹಿಡಿದಿತ್ತು, ಹಿಂದಿನ ಸರ್ಕಾರಗಳು ರೂಪಿಸಿದ್ದ ಕಾಮಗಾರಿ ಯೋಜನೆಗಳು ಹೊಸ ಸರ್ಕಾರದ ಕಾಲದಲ್ಲಿ ಫಲ ಕೊಟ್ಟವು, ಅದಾದ ಮೇಲೆ ಶಸ್ತ್ರಾಸ್ತ್ರ ತಯಾರಿಕೆಗೆ ಸುರಿದ ಹಣ ಉಳಿದ ಕೆಲಸ ಮಾಡಿತು. 1935ರ ಮಾರ್ಚ್‌ನಲ್ಲಿ ಕಡ್ಡಾಯ ಸೈನಿಕ ಸೇವೆಯೂ ಅದೇ ವರ್ಷ ಜೂನ್‌ನಲ್ಲಿ ಯುವಕರಿಗೆ ಆರು ತಿಂಗಳ ಕಡ್ಡಾಯ ಶ್ರಮಸೇವೆಯೂ ಬಂದಾಗ ಲಕ್ಷಾಂತರ ಹೆಸರುಗಳು ನಿರುದ್ಯೋಗಿಗಳ ಪಟ್ಟಿಯಿಂದ ಒಮ್ಮೆಲೇ ಅಳಿಸಿಹೋದವು. ಕೆಲಸದಿಂದ ವಜಾಗೊಂಡ ಯಹೂದಿಗಳೂ, ಮದುವೆಯಾಗಿ ಕೆಲಸ ಬಿಟ್ಟ ಹೆಂಗಸರೂ ಆ ಪಟ್ಟಿಯಲ್ಲಿ ಕಾಣಿಸಿಕೊಳ್ಳುತ್ತಿರಲಿಲ್ಲ.

ಕೆಲಸ ಸಿಕ್ಕವನಿಗೆ ಇದೆಲ್ಲ ಲೆಕ್ಕಕ್ಕೆ ಬರಲಿಲ್ಲ ಎಂಬುದೂ ಸಹಜ. ಆದರೆ ಆ ಕೆಲಸದ ಸ್ವರೂಪವೇ ಬದಲಾಗಿತ್ತು. ಕಾರ್ಮಿಕರು ದಶಕಗಳಿಂದ ಕೇಳುತ್ತಿದ್ದ ಮೇ ದಿನದ ಸಂಬಳಸಹಿತ ರಜೆಯನ್ನು ಹೊಸ ಸರ್ಕಾರ 1933ರಲ್ಲಿ ಕೊಟ್ಟಿತು. ಕಾರ್ಮಿಕರು ಮೆರವಣಿಗೆ ಮುಗಿಸಿ ಮನೆಗೆ ಹೋದ ಮರುದಿನವೇ, ಮೇ 2ರ ಬೆಳಿಗ್ಗೆ, ದೇಶದಾದ್ಯಂತ ಅವರ ಸಂಘಗಳ ಕಚೇರಿಗಳಿಗೆ ನಾಜಿ ಪಡೆಗಳು ನುಗ್ಗಿ, ಮುಖಂಡರನ್ನು ಹಿಡಿದು, ಸಂಘಗಳ ಹಣವನ್ನೂ ಆಸ್ತಿಯನ್ನೂ ವಶಪಡಿಸಿಕೊಂಡವು. ಆ ಜಾಗದಲ್ಲಿ ನಾಜಿ ಮುಖಂಡ ರಾಬರ್ಟ್ ಲೈ ನೇತೃತ್ವದ 'ಜರ್ಮನ್ ಶ್ರಮ ರಂಗ' ಹುಟ್ಟಿಕೊಂಡಿತು. ಮಾಲೀಕ ಮತ್ತು ಕಾರ್ಮಿಕ ಇಬ್ಬರೂ ಅದರ ಸದಸ್ಯರು, ಆದ್ದರಿಂದ ಇನ್ನು ಮುಷ್ಕರದ ಅಗತ್ಯವಿಲ್ಲ ಎಂಬುದು ಅದರ ವಾದ. ಕೂಲಿಯನ್ನು ಸರ್ಕಾರ ನೇಮಿಸಿದ ಅಧಿಕಾರಿಗಳು ಆರ್ಥಿಕ ಕುಸಿತದ ಕಾಲದ ಮಟ್ಟದಲ್ಲೇ ಕಟ್ಟಿಹಾಕಿದರು. ಮನೆಗೆ ಬರುವ ಸಂಬಳ ಹೆಚ್ಚಿದ್ದರೆ ಅದು ಬಹುಮಟ್ಟಿಗೆ ದುಡಿಮೆಯ ಗಂಟೆಗಳು ಹೆಚ್ಚಿದ್ದರಿಂದ. 1935ರಿಂದ ಪ್ರತಿ ಕಾರ್ಮಿಕನಿಗೂ ಒಂದು 'ಕೆಲಸದ ಪುಸ್ತಕ' ಬಂದಿತು. ಅದಿಲ್ಲದೆ ಯಾವ ಕಾರ್ಖಾನೆಯಲ್ಲೂ ಸೇರುವಂತಿರಲಿಲ್ಲ, ಮತ್ತು ಅದು ಮಾಲೀಕನ ಬಳಿ ಇರುತ್ತಿದ್ದುದರಿಂದ ಬಿಟ್ಟು ಹೋಗುವುದೂ ಸುಲಭವಿರಲಿಲ್ಲ.

ಕಳೆದುಕೊಂಡದ್ದಕ್ಕೆ ಪ್ರತಿಯಾಗಿ ಶ್ರಮ ರಂಗ ಕೊಟ್ಟದ್ದು 'ಆನಂದದ ಮೂಲಕ ಶಕ್ತಿ' ಎಂಬ ಸಂಸ್ಥೆಯನ್ನು. ನಾಟಕ, ಸಂಗೀತ ಕಛೇರಿಗಳಿಗೆ ಅಗ್ಗದ ಟಿಕೆಟ್, ಬೆಟ್ಟಗಳಿಗೂ ಕಡಲ ತೀರಕ್ಕೂ ವಾರಾಂತ್ಯದ ಪ್ರವಾಸ, ನಾರ್ವೆಯ ಕರಾವಳಿಗೂ ಮದೀರಾ ದ್ವೀಪಕ್ಕೂ ಹಡಗು ಯಾನ. ಹಡಗು ಹತ್ತುತ್ತಿದ್ದವರಲ್ಲಿ ಗುಮಾಸ್ತರೂ ಮಧ್ಯಮ ವರ್ಗದವರೂ ಹೆಚ್ಚಿದ್ದರು, ಕೂಲಿ ಕಾರ್ಮಿಕರ ಪಾಲಿಗೆ ಬಂದದ್ದು ಸಾಮಾನ್ಯವಾಗಿ ಒಂದೆರಡು ದಿನದ ಸಣ್ಣ ಪ್ರವಾಸ. ಆದರೂ ಹಡಗಿನ ಚಿತ್ರ ಎಲ್ಲರ ಕಣ್ಣಿಗೂ ಬಿತ್ತು, ಆಸೆ ಎಲ್ಲರಲ್ಲೂ ಮೂಡಿತು. ಆ ಹಡಗುಗಳಲ್ಲಿ ಪ್ರಯಾಣಿಕರ ನಡುವೆ ಪ್ರವಾಸಿಗಳ ಸೋಗಿನಲ್ಲಿ ಗುಪ್ತಚರರೂ ಇರುತ್ತಿದ್ದರು, ಯಾರು ಏನು ಗೊಣಗಿದರೆಂದು ವರದಿ ಬರೆಯುತ್ತಿದ್ದರು. ಕಾರ್ಮಿಕನೂ ಕೊಳ್ಳಬಹುದಾದ ಕಾರನ್ನು ತಯಾರಿಸುವುದಾಗಿ ಹೇಳಿ 1938ರಲ್ಲಿ ಇದೇ ಸಂಸ್ಥೆ ಹಣ ಸಂಗ್ರಹಿಸತೊಡಗಿತು. ಬೆಲೆ 990 ರೈಶ್‌ಮಾರ್ಕ್ (ಆಗಿನ ಜರ್ಮನ್ ನಾಣ್ಯ). ವಾರಕ್ಕೆ ಕನಿಷ್ಠ ಐದು ಮಾರ್ಕಿನ ಚೀಟಿ ಕೊಂಡು ಒಂದು ಪುಸ್ತಕಕ್ಕೆ ಅಂಟಿಸುತ್ತ ಹೋಗಬೇಕು, ನಡುವೆ ಕಂತು ಬಿಟ್ಟರೆ ಕಟ್ಟಿದ ಹಣ ಹೋದಂತೆ. ಸುಮಾರು 3,36,000 ಮಂದಿ ಸೇರಿಕೊಂಡರು. ಕಾರ್ಖಾನೆ ಎದ್ದಿತು, ಯುದ್ಧ ಬಂದಿತು, ಅಲ್ಲಿಂದ ಸೇನೆಯ ವಾಹನಗಳು ಹೊರಟವು. ಚೀಟಿ ಅಂಟಿಸಿದವರಲ್ಲಿ ಒಬ್ಬರ ಕೈಗೂ ಆ ಕಾಲದಲ್ಲಿ ಕಾರು ಬರಲಿಲ್ಲ.

ಕೊಡುವ ಕೈಯೇ ಕಿತ್ತುಕೊಳ್ಳುವ ಕೈಯೂ ಆಗಿತ್ತೆಂಬುದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮದುವೆಯ ಸಾಲದಲ್ಲಿ. 1933ರ ಬೇಸಿಗೆಯಲ್ಲಿ ಬಂದ ಕಾನೂನಿನಂತೆ ಹೊಸದಾಗಿ ಮದುವೆಯಾಗುವ ಜೋಡಿಗೆ ಸರ್ಕಾರ 1,000 ಮಾರ್ಕ್‌ವರೆಗೆ ಬಡ್ಡಿಯಿಲ್ಲದ ಸಾಲ ಕೊಡುತ್ತಿತ್ತು. ನಗದಿನ ಬದಲು ಮಂಚ, ಬೀರು, ಪಾತ್ರೆ ಪರಡಿ ಕೊಳ್ಳಲು ಬಳಸಬಹುದಾದ ಚೀಟಿಗಳ ರೂಪದಲ್ಲಿ. ತಿಂಗಳಿಗೆ ನೂರಕ್ಕೆ ಒಂದರಂತೆ ಮರುಪಾವತಿ, ಒಂದೊಂದು ಮಗು ಹುಟ್ಟಿದಾಗಲೂ ಕಾಲು ಭಾಗ ಮನ್ನಾ. ನಾಲ್ಕು ಮಕ್ಕಳಾದರೆ ಸಾಲವೇ ಇಲ್ಲ. ಆರಂಭದಲ್ಲಿ ಇದಕ್ಕಿದ್ದ ಷರತ್ತು, ಹೆಂಡತಿ ತನ್ನ ಉದ್ಯೋಗ ಬಿಡಬೇಕು ಎಂಬುದು. ಕೆಲಸಗಾರರ ಕೊರತೆ ಕಾಣಿಸಿಕೊಂಡ ಮೇಲೆ 1937ರಲ್ಲಿ ಈ ಷರತ್ತನ್ನು ಸದ್ದಿಲ್ಲದೆ ಕೈಬಿಡಲಾಯಿತು. ಹೆಣ್ಣಿನ ಸ್ಥಾನ ಮನೆಯೇ ಎಂದು ಭಾಷಣಗಳಲ್ಲಿ ಸಾರಿದ ಆಡಳಿತದಲ್ಲಿ 1939ರ ಹೊತ್ತಿಗೆ ದುಡಿಯುವ ಹೆಂಗಸರ ಸಂಖ್ಯೆ 1933ರಲ್ಲಿದ್ದುದಕ್ಕಿಂತ ಹೆಚ್ಚೇ ಇತ್ತು. ಸಾಲದ ಹಣ ಬರುತ್ತಿದ್ದುದು ಮದುವೆಯಾಗದವರ ಮೇಲೆ ಹೇರಿದ ತೆರಿಗೆಯಿಂದ. ಯುದ್ಧ ಶುರುವಾಗುವ ಹೊತ್ತಿಗೆ ಹತ್ತು ಲಕ್ಷಕ್ಕೂ ಹೆಚ್ಚು ಜೋಡಿಗಳು ಇದನ್ನು ಪಡೆದಿದ್ದರು. ಬಾಡಿಗೆ ಕೋಣೆಯಲ್ಲಿ ಸಂಸಾರ ಹೂಡುತ್ತಿದ್ದ ಬಡ ದಂಪತಿಗಳಿಗೆ ಇದು ನಿಜವಾದ ಆಸರೆ.

ಆದರೆ ಸಾಲಕ್ಕೆ ಅರ್ಜಿ ಹಾಕಿದವರು ಸರ್ಕಾರಿ ಆರೋಗ್ಯ ಕಚೇರಿಯಲ್ಲಿ ವೈದ್ಯಕೀಯ ತಪಾಸಣೆಗೆ ಒಳಗಾಗಬೇಕಿತ್ತು. ಮನೆತನದಲ್ಲಿ ಯಾರಿಗಾದರೂ ಮೂರ್ಛೆರೋಗವಿತ್ತೇ, ಯಾರಾದರೂ ಮಾನಸಿಕ ಆಸ್ಪತ್ರೆಯಲ್ಲಿದ್ದರೇ, ಯಾರು ಕುಡುಕರು ಎಂಬುದೆಲ್ಲ ಅಲ್ಲಿ ದಾಖಲಾಗುತ್ತಿತ್ತು. ಅದೇ ಆರೋಗ್ಯ ಕಚೇರಿಗಳಿಗೆ 1934ರ ಜನವರಿಯಿಂದ ಇನ್ನೊಂದು ಕರ್ತವ್ಯವೂ ಇತ್ತು: 'ಆನುವಂಶಿಕ ರೋಗವುಳ್ಳ ಸಂತಾನ'ವನ್ನು ತಡೆಯುವ ಕಾನೂನಿನ ಪ್ರಕಾರ ಸಂತಾನಶಕ್ತಿ ಹರಣಕ್ಕೆ ತಕ್ಕವರೆಂದು ಕಂಡವರ ಹೆಸರನ್ನು ವಿಶೇಷ ನ್ಯಾಯಾಲಯಗಳಿಗೆ ಕಳಿಸುವುದು. ಒಬ್ಬ ನ್ಯಾಯಾಧೀಶ, ಇಬ್ಬರು ವೈದ್ಯರು ಕುಳಿತು ತೀರ್ಮಾನಿಸುತ್ತಿದ್ದ ಈ ನ್ಯಾಯಾಲಯಗಳ ಆದೇಶದಿಂದ 1945ರವರೆಗೆ ಸುಮಾರು ನಾಲ್ಕು ಲಕ್ಷ ಜನರಿಗೆ ಬಲವಂತದ ಶಸ್ತ್ರಚಿಕಿತ್ಸೆಯಾಯಿತು. ಸಾವಿರಾರು ಮಂದಿ, ಅವರಲ್ಲೂ ಹೆಚ್ಚಾಗಿ ಹೆಂಗಸರು, ಅದರಿಂದಲೇ ಸತ್ತರು. ಅತಿ ಹೆಚ್ಚು ಬಳಸಿದ ಕಾರಣ 'ಹುಟ್ಟು ಬುದ್ಧಿಮಾಂದ್ಯ'. ಅದನ್ನು ಅಳೆಯಲು ಕೇಳುತ್ತಿದ್ದುದು ಶಾಲೆಯ ಸಾಮಾನ್ಯ ಜ್ಞಾನದ ಪ್ರಶ್ನೆಗಳನ್ನು. ಶಾಲೆಗೇ ಸರಿಯಾಗಿ ಹೋಗದ ಕೂಲಿಯವರ ಮಕ್ಕಳು ಅವಕ್ಕೆ ಉತ್ತರಿಸಲಾಗದೆ ತಡವರಿಸಿದರೆ ಆಶ್ಚರ್ಯವೇನು? ಮಂಚಕ್ಕೂ ಬೀರುವಿಗೂ ಚೀಟಿ ಕೇಳಲು ಹೋಗಿ ಈ ಜಾಲಕ್ಕೆ ಸಿಕ್ಕಿಬಿದ್ದವರೂ ಇದ್ದರು. ಇವರಲ್ಲಿ ಬಹುಪಾಲು ಜನ ಯಹೂದಿಗಳಲ್ಲ, ರಾಜಕೀಯ ವಿರೋಧಿಗಳಲ್ಲ. ನಾಜಿಗಳು ಯಾರ ಉದ್ಧಾರಕ್ಕೆಂದು ಹೇಳಿಕೊಂಡು ಬಂದಿದ್ದರೋ ಆ ಬಡ ಜರ್ಮನ್ನರೇ.

ವಂಶದ ಕಾಗದಗಳು ಇನ್ನೊಂದು ಅಂಥದೇ ಸಂಗತಿ. 1933ರ ಏಪ್ರಿಲ್ 7ರ ಕಾನೂನು 'ಆರ್ಯರಲ್ಲದ'ವರನ್ನು, ಎಂದರೆ ಮುಖ್ಯವಾಗಿ ಯಹೂದಿ ಮೂಲದವರನ್ನು, ಸರ್ಕಾರಿ ನೌಕರಿಯಿಂದ ತೆಗೆದುಹಾಕಿತು. ಉಳಿದವರು ತಾವು ಆರ್ಯರೆಂದು ತೋರಿಸಿಕೊಳ್ಳುವ ಹೊಣೆಗೆ ಬಿದ್ದರು: ತನ್ನದು, ತಂದೆತಾಯಿಯದು, ಅಜ್ಜ ಅಜ್ಜಿಯರದು ಎಂದು ಏಳು ಜನನ ಅಥವಾ ದೀಕ್ಷಾಸ್ನಾನದ ಪತ್ರಗಳು, ಜೊತೆಗೆ ಮೂರು ಮದುವೆ ಪತ್ರಗಳು. ಜರ್ಮನಿಯಾದ್ಯಂತ ಸರ್ಕಾರಿ ಜನನ ನೋಂದಣಿ ಆರಂಭವಾದದ್ದು 1876ರಲ್ಲಿ. ಅದಕ್ಕಿಂತ ಹಿಂದಿನದು ಬೇಕಾದರೆ ಚರ್ಚಿನ ಹಳೆಯ ದಫ್ತರಗಳನ್ನೇ ತೆಗೆಯಬೇಕು. ಹೀಗೆ ಶಿಕ್ಷಕರು, ವಕೀಲರು, ಅಂಚೆ ನೌಕರರು ದೂರದ ಹಳ್ಳಿಗಳ ಪಾದ್ರಿಗಳಿಗೆ ಪತ್ರ ಬರೆದರು, ಪಾದ್ರಿಗಳು ಹಾಳೆ ತಿರುವಿ ನಕಲು ತೆಗೆದು ಮುದ್ರೆ ಒತ್ತಿ ಕಳಿಸಿದರು. ಇವರಲ್ಲಿ ಅನೇಕರಿಗೆ ಜನಾಂಗದ ಸಿದ್ಧಾಂತದಲ್ಲಿ ಹೇಳಿಕೊಳ್ಳುವಂಥ ಆಸಕ್ತಿಯೇನೂ ಇರಲಿಕ್ಕಿಲ್ಲ. ಆದರೆ ಆ ಕಾಗದ ಹುಡುಕುತ್ತಾ ಹುಡುಕುತ್ತಾ, ಒಬ್ಬ ಮನುಷ್ಯನ ಹಕ್ಕು ಅವನ ಅಜ್ಜಿ ಯಾರೆಂಬುದನ್ನು ಅವಲಂಬಿಸಿದೆ ಎಂಬ ಮಾತು ಅವರಿಗೆ ರೂಢಿಯಾಯಿತು. 1935ರ ಸೆಪ್ಟೆಂಬರ್ 15ರ ನ್ಯೂರೆಂಬರ್ಗ್ ಕಾನೂನುಗಳು ಯಹೂದಿಗಳ ಪೌರತ್ವದ ಹಕ್ಕು ಕಸಿದು, ಅವರಿಗೂ ಇತರ ಜರ್ಮನ್ನರಿಗೂ ನಡುವೆ ಮದುವೆಯನ್ನೂ ದೈಹಿಕ ಸಂಬಂಧವನ್ನೂ ನಿಷೇಧಿಸಿದಾಗ ಬೇಕಾದ ದಾಖಲೆಗಳೆಲ್ಲ ಮನೆಮನೆಯ ಪೆಟ್ಟಿಗೆಗಳಲ್ಲಿ ಸಿದ್ಧವಾಗಿದ್ದವು. ರಕ್ತದ ಮಾತಾಡುತ್ತಿದ್ದ ಈ ಕಾನೂನುಗಳು ಯಹೂದಿ ಯಾರೆಂದು ನಿರ್ಧರಿಸಲು ಕೊನೆಗೆ ನೋಡಿದ್ದು ಅಜ್ಜ ಅಜ್ಜಿಯರು ಯಾವ ಧರ್ಮಕ್ಕೆ ಸೇರಿದ್ದರೆಂಬುದನ್ನು. ರಕ್ತದಲ್ಲಿ ಕಂಡುಹಿಡಿಯಲು ಏನೂ ಇರಲಿಲ್ಲವಲ್ಲ.

ದಿನದ ಬದುಕಿನ ಸಣ್ಣ ಸಂಗತಿಗಳೂ ಹೀಗೆಯೇ ಪಕ್ಷದ ಕೈಗೆ ಹೋದವು. 1933ರ ಅಕ್ಟೋಬರ್‌ನಿಂದ ಚಳಿಗಾಲದ ಪ್ರತಿ ತಿಂಗಳೂ ಒಂದು ಭಾನುವಾರ, ಜರ್ಮನ್ನರ ಮನೆಗಳಲ್ಲಿ ಮಾಂಸದ ದೊಡ್ಡ ಅಡುಗೆ ಮಾಡುವ ವಾರದ ದಿನದಂದೇ, ಒಂದೇ ಪಾತ್ರೆಯಲ್ಲಿ ಬೇಯಿಸಿದ ಅಗ್ಗದ ಸಾರನ್ನು ಮಾತ್ರ ತಿನ್ನಬೇಕೆಂಬ ಕರೆ ಬಂದಿತು. ಉಳಿದ ಹಣವನ್ನು ಬಾಗಿಲಿಗೆ ಬಂದ ಪಕ್ಷದ ಕಾರ್ಯಕರ್ತನ ಡಬ್ಬಿಗೆ, ಬಡವರ 'ಚಳಿಗಾಲದ ನೆರವು' ನಿಧಿಗೆಂದು ಹಾಕಬೇಕು. ಹೋಟೆಲುಗಳೂ ಅಂದು ಅದನ್ನೇ ಬಡಿಸಬೇಕು. ಹೆಸರಿಗೆ ಇದು ಸ್ವಂತ ಇಚ್ಛೆಯ ದಾನ; ಆದರೆ ಕೊಟ್ಟವರ ಬಾಗಿಲಿಗೆ ಅಂಟಿಸಲು ಚೀಟಿ ಸಿಗುತ್ತಿದ್ದುದರಿಂದ ಯಾರ ಬಾಗಿಲಲ್ಲಿ ಚೀಟಿ ಇಲ್ಲ ಎಂಬುದು ಬೀದಿಗೆಲ್ಲ ಗೊತ್ತಾಗುತ್ತಿತ್ತು. ಕೈ ಚಾಚಿ 'ಹೈಲ್ ಹಿಟ್ಲರ್' ಎನ್ನುವುದು ಸರ್ಕಾರಿ ನೌಕರರಿಗೆ ಕಡ್ಡಾಯ, ಉಳಿದವರಿಗೆ ಹೆಚ್ಚುಕಡಿಮೆ ಅಷ್ಟೇ ಅನಿವಾರ್ಯ. ಬ್ರೆಡ್ಡು ಕೊಳ್ಳಲು ಹೋದವನು ಹಳೆಯ ರೂಢಿಯಂತೆ 'ಶುಭದಿನ' ಎಂದರೆ ಅದು ಬರೀ ನಮಸ್ಕಾರವಾಗಿ ಉಳಿಯುತ್ತಿರಲಿಲ್ಲ, ಅಭಿಪ್ರಾಯವಾಗುತ್ತಿತ್ತು. 1933ರ ಆಗಸ್ಟ್‌ನಲ್ಲಿ 76 ಮಾರ್ಕಿಗೆ 'ಜನರ ರೇಡಿಯೊ' ಮಾರುಕಟ್ಟೆಗೆ ಬಂದಿತು. ಅದರ ಮಾದರಿ ಸಂಖ್ಯೆ 301 ಎಂಬುದು ಹಿಟ್ಲರ್ ಅಧಿಕಾರಕ್ಕೆ ಬಂದ ಜನವರಿ 30ರ ಸ್ಮರಣೆ. 1938ರಲ್ಲಿ 35 ಮಾರ್ಕಿನ ಇನ್ನೂ ಚಿಕ್ಕದು ಬಂದಿತು. ನಾಟಕ, ಹಾಡು, ಆಟದ ವೀಕ್ಷಕ ವಿವರಣೆ ಎಲ್ಲ ಅದರಲ್ಲಿ ಬರುತ್ತಿದ್ದವು, ನಡುನಡುವೆ ಭಾಷಣವೂ ಬರುತ್ತಿತ್ತು. 1939ರ ಸೆಪ್ಟೆಂಬರ್‌ನಲ್ಲಿ ವಿದೇಶಿ ಕೇಂದ್ರಗಳನ್ನು ಕೇಳುವುದು ಅಪರಾಧವಾಯಿತು, ಕೇಳಿದ್ದನ್ನು ಹರಡಿದವರಿಗೆ ಮರಣದಂಡನೆಯನ್ನೂ ಕೊಡಬಹುದಾಗಿತ್ತು. ಆಗ ಲಂಡನ್ ಸುದ್ದಿ ಕೇಳುವವರು ರೇಡಿಯೊದ ಮೇಲೆ ಕಂಬಳಿ ಹೊದಿಸಿ, ಮಕ್ಕಳು ಮಲಗಿದ ಮೇಲೆ ಕೇಳುತ್ತಿದ್ದರು.

ಮಕ್ಕಳು ಮಲಗುವವರೆಗೆ ಕಾಯುತ್ತಿದ್ದುದಕ್ಕೆ ಕಾರಣವಿತ್ತು. ಹತ್ತನೆಯ ವಯಸ್ಸಿಗೆ ಹುಡುಗರೂ ಹುಡುಗಿಯರೂ ಪಕ್ಷದ ಬಾಲಸಂಘಗಳಿಗೆ ಸೇರುತ್ತಿದ್ದರು. 1936ರ ಡಿಸೆಂಬರ್‌ನ ಕಾನೂನು ಇಡೀ ಯುವಜನತೆಯನ್ನು ಹಿಟ್ಲರ್ ಯುವದಳದ ಸುಪರ್ದಿಗೆ ಒಪ್ಪಿಸಿತು, 1939ರ ಮಾರ್ಚ್‌ನಲ್ಲಿ ಸದಸ್ಯತ್ವ ಕಡ್ಡಾಯವಾಯಿತು. ಆರಂಭದಲ್ಲಿ ಅದರ ಆಕರ್ಷಣೆಯನ್ನು ಅಲ್ಲಗಳೆಯಲಾಗದು: ಡೇರೆ, ಬೆಂಕಿಯ ಸುತ್ತ ಹಾಡು, ಸಮವಸ್ತ್ರ, ಅಪ್ಪ ಅಮ್ಮನ ಕಣ್ಣಿನಿಂದ ದೂರವಿರುವ ಸ್ವಾತಂತ್ರ್ಯ, ಹಳ್ಳಿಯ ಹುಡುಗಿಯರಿಗಂತೂ ಊರು ಬಿಟ್ಟು ಪ್ರವಾಸ ಹೋಗುವ ಮೊದಲ ಅವಕಾಶ. ತರಗತಿಯಲ್ಲಿ ವ್ಯಾಯಾಮದ ಅವಧಿ ಬೆಳೆಯಿತು, ಜೀವಶಾಸ್ತ್ರದಲ್ಲಿ ತಲೆಬುರುಡೆ ಅಳೆಯುವ ಪಾಠ ಬಂದಿತು. ಗಣಿತದ ಒಂದು ಪಠ್ಯದಲ್ಲಿದ್ದ ಲೆಕ್ಕವಿದು: ಒಂದು ಮಾನಸಿಕ ಆಸ್ಪತ್ರೆ ಕಟ್ಟಲು 60 ಲಕ್ಷ ಮಾರ್ಕ್ ಬೇಕು, ತಲಾ 15,000 ಮಾರ್ಕಿನಂತೆ ಆ ಹಣದಲ್ಲಿ ಎಷ್ಟು ಮನೆ ಕಟ್ಟಬಹುದು? ಉತ್ತರ 400. ಭಾಗಾಕಾರ ಸರಿಯಾಗಿ ಮಾಡಿದ ಮಗು ಇನ್ನೇನನ್ನೋ ಕಲಿತಿರುತ್ತಿತ್ತು. ಕವಾಯತು ಹೆಚ್ಚಾಗುತ್ತ ಹೋದಂತೆ ಬೇಸತ್ತವರೂ ಇದ್ದರು. ಹ್ಯಾಂಬರ್ಗಿನ ಸಿರಿವಂತ ಮನೆಗಳ ಹುಡುಗರು ಅಮೆರಿಕದ ಜಾಝ್ ಸಂಗೀತಕ್ಕೆ ಕುಣಿದರು. ಕಲೋನ್ ಮೊದಲಾದ ಕೈಗಾರಿಕಾ ನಗರಗಳ ಕೂಲಿಯವರ ಮಕ್ಕಳು ಗುಂಪು ಕಟ್ಟಿಕೊಂಡು ಯುವದಳದ ಕಾವಲುಗಾರರೊಡನೆ ಬಡಿದಾಡಿದರು. 1944ರ ನವೆಂಬರ್‌ನಲ್ಲಿ ಕಲೋನಿನ ಎರೆನ್‌ಫೆಲ್ಡ್ ಬಡಾವಣೆಯಲ್ಲಿ ಬಹಿರಂಗವಾಗಿ ನೇಣಿಗೇರಿಸಿದ 13 ಮಂದಿಯಲ್ಲಿ ಹದಿಹರೆಯದವರೂ ಇದ್ದರು.

ಹಾಗಾದರೆ ಪೊಲೀಸರು ಎಲ್ಲೆಲ್ಲೂ ಇದ್ದರೇ? ಜನ ಹಾಗೆಂದೇ ತಿಳಿದಿದ್ದರು. ಮಾತಿಗೆ ಮೊದಲು ಎಡಕ್ಕೂ ಬಲಕ್ಕೂ ಹಿಂದಕ್ಕೂ ಕಣ್ಣು ಹಾಯಿಸುವುದಕ್ಕೆ 'ಜರ್ಮನ್ ನೋಟ' ಎಂದು ಅವರೇ ನಗೆಯಾಡುತ್ತಿದ್ದರು. ಆದರೆ ಗುಪ್ತ ಪೊಲೀಸ್ ಪಡೆಯಾದ ಗೆಸ್ಟಾಪೊ ಲೆಕ್ಕದಲ್ಲಿ ಚಿಕ್ಕದು. ವ್ಯೂರ್ಟ್ಸ್‌ಬರ್ಗ್ ನಗರದಲ್ಲಿದ್ದ ಅದರ ಕಚೇರಿಯ ಕಡತಗಳು ಯುದ್ಧದ ಕೊನೆಯಲ್ಲಿ ಸುಟ್ಟುಹೋಗದೆ ಉಳಿದುಕೊಂಡವು. ಅವುಗಳಿಂದ ತಿಳಿಯುವಂತೆ, ಎಂಟು ಲಕ್ಷಕ್ಕೂ ಹೆಚ್ಚು ಜನರಿದ್ದ ಆ ಇಡೀ ಪ್ರಾಂತಕ್ಕೆ 1937ರಲ್ಲಿ ಇದ್ದ ಸಿಬ್ಬಂದಿ 28 ಮಂದಿ. ಯಹೂದಿಗಳೊಡನೆ ಸ್ನೇಹ, ಸಂಬಂಧ ಇಟ್ಟುಕೊಂಡ ಆರೋಪದ ಪ್ರಕರಣಗಳಲ್ಲಿ ಅರ್ಧಕ್ಕೂ ಹೆಚ್ಚು ಅಲ್ಲಿ ಆರಂಭವಾದದ್ದು ಸಾರ್ವಜನಿಕರೇ ಕೊಟ್ಟ ದೂರಿನಿಂದ. ದೂರು ಕೊಟ್ಟವರೆಲ್ಲ ಕಟ್ಟಾ ನಾಜಿಗಳಾಗಿರಲಿಲ್ಲ: ಬಾಡಿಗೆದಾರನನ್ನು ಬಿಡಿಸಬೇಕಿದ್ದ ಮನೆಮಾಲೀಕ, ಗಂಡನಿಂದ ಬಿಡುಗಡೆ ಬೇಕಿದ್ದ ಹೆಂಡತಿ, ಪೈಪೋಟಿಯ ಅಂಗಡಿಯವನು, ಹಳೆಯ ಜಗಳ ಮರೆಯದ ನೆರೆಯವರು. 1934ರ ಡಿಸೆಂಬರ್‌ನ ಒಂದು ಕಾನೂನು ಸರ್ಕಾರವನ್ನು ಹೀಗಳೆಯುವ ಮಾತನ್ನೇ ಅಪರಾಧವಾಗಿಸಿದ್ದರಿಂದ ಹೆಂಡದಂಗಡಿಯ ಒಂದು ಹಾಸ್ಯವೂ ಸಾಕಾಗುತ್ತಿತ್ತು. ನಲವತ್ತರಿಂದ ಅರವತ್ತು ಮನೆಗಳಿಗೆ ಒಬ್ಬನಂತೆ ಪಕ್ಷದ ಬೀದಿ ಮೇಲ್ವಿಚಾರಕನಿದ್ದ. ದೇಣಿಗೆ ಎತ್ತುವವನೂ, ಹಬ್ಬದ ದಿನ ಯಾರ ಕಿಟಕಿಯಲ್ಲಿ ಬಾವುಟವಿಲ್ಲ ಎಂದು ಬರೆದುಕೊಳ್ಳುವವನೂ ಅವನೇ. ಇದರಿಂದ ಭಯವೆಲ್ಲ ಕಲ್ಪನೆಯೆಂದು ತೀರ್ಮಾನಿಸುವುದೂ ತಪ್ಪು. 1933ರಲ್ಲೇ ಸುಮಾರು ಒಂದು ಲಕ್ಷ ಜನ, ಹೆಚ್ಚಾಗಿ ಕಮ್ಯುನಿಸ್ಟರು, ಸೋಷಿಯಲ್ ಡೆಮಾಕ್ರಟರು ಮತ್ತು ಕಾರ್ಮಿಕ ಸಂಘದವರು, ವಿಚಾರಣೆಯಿಲ್ಲದೆ ಬಂಧನಕ್ಕೊಳಗಾಗಿದ್ದರು. ಮ್ಯೂನಿಕ್ ಬಳಿಯ ಡಾಖೌ ಬಂಧನ ಶಿಬಿರ ಆ ವರ್ಷದ ಮಾರ್ಚ್‌ನಲ್ಲೇ ತೆರೆದಿತ್ತು, ಅದರ ಸುದ್ದಿಯನ್ನು ಪತ್ರಿಕೆಗಳು ಮುಚ್ಚಿಡಲಿಲ್ಲ. ಕಾರ್ಮಿಕರ ಕೇರಿಗಳಲ್ಲಿ ಆ ನೆನಪು ಬಹುಕಾಲ ಉಳಿಯಿತು. ಹಿಂದೆ ಎಡಪಕ್ಷಕ್ಕೆ ಕೆಲಸ ಮಾಡಿದವನಿಗೂ ಯಾವ ಪಕ್ಷದ ಗೊಡವೆಗೂ ಹೋಗದ ಕಿರಾಣಿ ಅಂಗಡಿಯವನಿಗೂ ಭಯದ ಪ್ರಮಾಣ ಒಂದೇ ಆಗಿರಲಿಲ್ಲ.

ಬರ್ಲಿನ್ನಿನ ಒಟ್ಟೊ ಮತ್ತು ಎಲಿಸ್ ಹಾಂಪೆಲ್ ಎಂಬ ಕೂಲಿ ದಂಪತಿಗಳದು ಇಲ್ಲಿ ಹೇಳಲೇಬೇಕಾದ ಸಂಗತಿ. 1940ರಲ್ಲಿ ಎಲಿಸಳ ತಮ್ಮ ಯುದ್ಧದಲ್ಲಿ ಸತ್ತ ಮೇಲೆ ಇವರಿಬ್ಬರೂ ಹಿಟ್ಲರನ ವಿರುದ್ಧ ಕೈಬರಹದ ಅಂಚೆ ಕಾರ್ಡುಗಳನ್ನು ಬರೆದು, ಎರಡು ವರ್ಷಗಳಿಗೂ ಹೆಚ್ಚು ಕಾಲ ನಗರದ ಕಟ್ಟಡಗಳ ಮೆಟ್ಟಿಲುಗಳ ಮೇಲೆ ಗುಟ್ಟಾಗಿ ಇಡುತ್ತ ಹೋದರು. ಇನ್ನೂರಕ್ಕೂ ಹೆಚ್ಚು ಕಾರ್ಡುಗಳು. ಕಂಡವರಲ್ಲಿ ಬಹುತೇಕರು ಅವನ್ನು ನೇರವಾಗಿ ಪೊಲೀಸರಿಗೆ ಒಪ್ಪಿಸಿದರು. 1943ರ ಏಪ್ರಿಲ್‌ನಲ್ಲಿ ಗಂಡ ಹೆಂಡತಿ ಇಬ್ಬರನ್ನೂ ಕೊಲ್ಲಲಾಯಿತು.

ಜನ ಯಾವುದಕ್ಕೂ ಪ್ರತಿಭಟಿಸಲಿಲ್ಲ ಎನ್ನುವುದೂ ಸರಿಯಲ್ಲ. 1936ರ ನವೆಂಬರ್‌ನಲ್ಲಿ ಓಲ್ಡೆನ್‌ಬರ್ಗ್ ಪ್ರಾಂತದಲ್ಲಿ ಶಾಲೆಗಳಿಂದ ಶಿಲುಬೆ ತೆಗೆಯಬೇಕೆಂಬ ಆದೇಶ ಬಂದಾಗ ಕ್ಯಾಥೊಲಿಕ್ ರೈತರು ಸಾವಿರಾರು ಸಂಖ್ಯೆಯಲ್ಲಿ ಸೇರಿ ಆಕ್ಷೇಪಿಸಿದರು. ಪಕ್ಷದ ಪ್ರಾಂತೀಯ ಮುಖಂಡ ಸಾರ್ವಜನಿಕವಾಗಿಯೇ ಆದೇಶ ಹಿಂತೆಗೆದುಕೊಂಡ. ಯುದ್ಧ ಆರಂಭವಾದ ಮೇಲೆ ಮಾನಸಿಕ ರೋಗಿಗಳನ್ನೂ ಅಂಗವಿಕಲರನ್ನೂ ವಿಷಾನಿಲದಿಂದ ಕೊಲ್ಲುವ ಕಾರ್ಯಕ್ರಮ ಗುಟ್ಟಾಗಿ ನಡೆಯಿತು. ಆದರೆ ಹಾಡಮಾರ್ ಊರಿನವರಿಗೆ ಬೆಟ್ಟದ ಮೇಲಿನ ಆಸ್ಪತ್ರೆಗೆ ತುಂಬಿ ಹೋಗಿ ಖಾಲಿ ಮರಳುವ ಬಸ್ಸುಗಳೂ, ಚಿಮಣಿಯ ಹೊಗೆಯೂ ಕಾಣುತ್ತಿದ್ದವು. ಮ್ಯೂನ್‌ಸ್ಟರಿನ ಬಿಷಪ್ ಕ್ಲೆಮೆನ್ಸ್ ಆಗಸ್ಟ್ ಫಾನ್ ಗಾಲೆನ್ 1941ರ ಆಗಸ್ಟ್ 3ರಂದು ಚರ್ಚಿನ ವೇದಿಕೆಯಿಂದಲೇ ಇದನ್ನು ಕೊಲೆಯೆಂದು ಕರೆದರು. ಮೂರು ವಾರ ಕಳೆಯುವಷ್ಟರಲ್ಲಿ ಹಿಟ್ಲರ್ ಅದನ್ನು ನಿಲ್ಲಿಸುವ ಆದೇಶ ಕೊಟ್ಟ. ಅಷ್ಟರಲ್ಲಿ 70,000ಕ್ಕೂ ಹೆಚ್ಚು ಜನ ಸತ್ತಿದ್ದರು, ಮುಂದೆಯೂ ಉಪವಾಸ ಕೆಡವಿ, ಮದ್ದು ಚುಚ್ಚಿ ಕೊಲ್ಲುವುದು ಸದ್ದಿಲ್ಲದೆ ನಡೆಯಿತು. 1943ರ ಫೆಬ್ರವರಿ ಕೊನೆಯಲ್ಲಿ ಬರ್ಲಿನ್ನಿನ ರೋಸನ್‌ಸ್ಟ್ರಾಸೆ ಬೀದಿಯಲ್ಲಿ, ಬಂಧನಕ್ಕೊಳಗಾಗಿದ್ದ ಯಹೂದಿ ಗಂಡಂದಿರಿಗಾಗಿ ಅವರ ಯಹೂದಿಗಳಲ್ಲದ ಹೆಂಡತಿಯರು ದಿನಗಟ್ಟಲೆ ನಿಂತರು, ಗಂಡಂದಿರಲ್ಲಿ ಬಹುಪಾಲು ಮಂದಿ ಬಿಡುಗಡೆಯಾದರು. ಆ ಬಿಡುಗಡೆಗೆ ಪ್ರತಿಭಟನೆಯೇ ಕಾರಣವೇ ಎಂಬುದರಲ್ಲಿ ಇತಿಹಾಸಕಾರರಲ್ಲಿ ಒಮ್ಮತವಿಲ್ಲ. ಇಲ್ಲೆಲ್ಲ ಜನ ಬಾಯಿ ತೆರೆದದ್ದು ತಮ್ಮ ಧರ್ಮ, ತಮ್ಮ ಮನೆಯ ರೋಗಿ, ತಮ್ಮ ಗಂಡ ಎಂದಾಗ. ಪಕ್ಕದ ಮನೆಯ ಯಹೂದಿ ಕುಟುಂಬಕ್ಕಾಗಿ ಅಂಥ ದನಿ ಎಲ್ಲೂ ಏಳಲಿಲ್ಲ.

ಆ ಕುಟುಂಬಗಳಿಗೆ ಏನಾಗುತ್ತಿದೆ ಎಂಬುದು ಎಲ್ಲರ ಕಣ್ಣೆದುರಿಗೇ ಇತ್ತು. 1938ರ ನವೆಂಬರ್ 9ರ ರಾತ್ರಿ ಸಾವಿರಕ್ಕೂ ಹೆಚ್ಚು ಯಹೂದಿ ಪ್ರಾರ್ಥನಾ ಮಂದಿರಗಳು ಉರಿದವು, ಅಂಗಡಿಗಳ ಗಾಜು ಬೀದಿಯ ತುಂಬ ಚೆಲ್ಲಿತು, ಸುಮಾರು 30,000 ಗಂಡಸರನ್ನು ಶಿಬಿರಗಳಿಗೆ ಒಯ್ಯಲಾಯಿತು. ಹಾನಿಯ ದಂಡವೆಂದು ನೂರು ಕೋಟಿ ಮಾರ್ಕನ್ನು ಯಹೂದಿಗಳಿಂದಲೇ ವಸೂಲಿ ಮಾಡಲಾಯಿತು. ಆಸ್ತಿ ನಾಶವಾದದ್ದನ್ನು ಕಂಡು ಬೇಸರಪಟ್ಟವರು, ನಾಚಿಕೊಂಡವರು ಬಹಳ ಜನ ಇದ್ದರೆಂದು ಗುಪ್ತಚರ ವರದಿಗಳೇ ಹೇಳುತ್ತವೆ. 1941ರ ಸೆಪ್ಟೆಂಬರ್‌ನಿಂದ ಯಹೂದಿಗಳು ಎದೆಯ ಮೇಲೆ ಹಳದಿ ನಕ್ಷತ್ರ ತೊಡಬೇಕಾಯಿತು, ಅಕ್ಟೋಬರ್‌ನಿಂದ ರೈಲುಗಳು ಅವರನ್ನು ಪೂರ್ವಕ್ಕೆ ಸಾಗಿಸತೊಡಗಿದವು. ಅವರು ಬಿಟ್ಟುಹೋದ ಕುರ್ಚಿ, ಕಾರ್ಪೆಟ್, ಹಾಸಿಗೆ ಬಟ್ಟೆ, ಹೊಲಿಗೆ ಯಂತ್ರಗಳು ಹರಾಜಿಗೆ ಬಂದವು. ಹ್ಯಾಂಬರ್ಗ್ ಮತ್ತು ಸುತ್ತಲಿನಲ್ಲಿ ಯುದ್ಧದ ವರ್ಷಗಳಲ್ಲಿ ಕಡಿಮೆಯೆಂದರೂ ಒಂದು ಲಕ್ಷ ಜನ ಇಂಥ ಹರಾಜುಗಳಲ್ಲಿ ವಸ್ತುಗಳನ್ನು ಕೊಂಡರೆಂದು ಸಂಶೋಧನೆ ತೋರಿಸಿದೆ. ವಶಪಡಿಸಿಕೊಂಡ ದೇಶಗಳ ಯಹೂದಿ ಮನೆಗಳ ಪೀಠೋಪಕರಣಗಳೂ ಹಡಗುಗಟ್ಟಲೆ ಅಲ್ಲಿಗೆ ಬಂದವು. ಬಾಂಬಿಗೆ ಮನೆ ಕಳೆದುಕೊಂಡ ಕುಟುಂಬಕ್ಕೆ ಅಗ್ಗದ ಬೀರು ಬೇಕಿತ್ತು, ಅದು ಯಾರದೆಂದು ಕೇಳದಿರುವುದು ಕಷ್ಟವಾಗಿರಲಿಲ್ಲ. ವಿಷಾನಿಲದ ಕೋಣೆಗಳ ವಿವರ ಹೆಚ್ಚಿನವರಿಗೆ ತಿಳಿದಿರಲಿಲ್ಲವೆಂದು ಒಪ್ಪಬಹುದು. ಪೂರ್ವದಲ್ಲಿ ಗುಂಡಿಕ್ಕಿ ಸಾಮೂಹಿಕವಾಗಿ ಕೊಲ್ಲುತ್ತಿದ್ದ ಸುದ್ದಿಯಾದರೋ ರಜೆಯಲ್ಲಿ ಬಂದ ಸೈನಿಕರ ಬಾಯಲ್ಲಿ ಮನೆಗಳಿಗೆ ತಲುಪಿತ್ತು. ಹರಾಜಿನಲ್ಲಿ ಕೊಳ್ಳಲು ಹೋದವರಿಗೆ ಒಂದಂತೂ ಖಚಿತವಾಗಿ ಗೊತ್ತಿತ್ತು: ಒಡೆಯರು ಮರಳಿ ಬರುವುದಿಲ್ಲ.

ಯುದ್ಧಕಾಲದ ಊಟದ ಕಥೆಯೂ ಇದರಿಂದ ದೂರವಿಲ್ಲ. 1939ರ ಆಗಸ್ಟ್ ಕೊನೆಯಲ್ಲೇ, ಯುದ್ಧ ಶುರುವಾಗುವ ಮುನ್ನವೇ, ಪಡಿತರ ಚೀಟಿಗಳು ಬಂದವು. ಮೊದಲ ಮಹಾಯುದ್ಧದಲ್ಲಿ ಊರಿನಲ್ಲಿದ್ದವರ ಹಸಿವೇ ದೇಶವನ್ನು ಸೋಲಿಸಿತೆಂದು ನಂಬಿದ್ದ ಆಡಳಿತ ಈ ಬಾರಿ ಅದಕ್ಕೆ ಅವಕಾಶ ಕೊಡದಿರಲು ತೀರ್ಮಾನಿಸಿತ್ತು. 1942ರ ವಸಂತದಲ್ಲಿ ಪಡಿತರ ಕಡಿತಗೊಂಡಾಗ ಜನ ಗೊಣಗಿದರು. ಆ ಶರತ್ಕಾಲದಲ್ಲೇ ಅದನ್ನು ಮತ್ತೆ ಹೆಚ್ಚಿಸಲಾಯಿತು. ಹಸಿವಿನಿಂದ ಯಾರಾದರೂ ನರಳುವುದಿದ್ದರೆ ಅದು ಜರ್ಮನಿಯಲ್ಲಿ ಆಗದು ಎಂದು ನಾಜಿ ಮುಖಂಡ ಗೋರಿಂಗ್ ಅಕ್ಟೋಬರ್‌ನ ಭಾಷಣದಲ್ಲಿ ಬಹಿರಂಗವಾಗಿಯೇ ಹೇಳಿದ. ಹೆಚ್ಚುವರಿ ಧಾನ್ಯ ಬಂದದ್ದು ಉಕ್ರೇನ್ ಮತ್ತು ಪೋಲೆಂಡಿನ ಹೊಲಗಳಿಂದ, ಅಲ್ಲಿನವರನ್ನು ಉಪವಾಸ ಕೆಡವಿ. ಜರ್ಮನ್ ನಗರವಾಸಿಗಳು ನಿಜವಾದ ಹಸಿವನ್ನು ಕಂಡದ್ದು ಸೋಲಿನ ನಂತರ, 1946–47ರ ಚಳಿಗಾಲದಲ್ಲಿ. ಆರಂಭದಲ್ಲಿ ಹೇಳಿದ ಸಮೀಕ್ಷೆಯ ಉತ್ತರಕ್ಕೆ ಇದೂ ಒಂದು ಕಾರಣವಿರಬೇಕು: ಅವರ ಅನುಭವದಲ್ಲಿ ಹಿಟ್ಲರನ ಕಾಲಕ್ಕೆ ಹೊಟ್ಟೆ ತುಂಬಿತ್ತು, ಅವನು ಹೋದ ಮೇಲೆ ಖಾಲಿಯಾಯಿತು. ಅದು ಯಾರ ತಟ್ಟೆಯಿಂದ ಬಂದಿತ್ತೆಂಬುದು ಆ ಅನುಭವದೊಳಗೆ ಇರಲಿಲ್ಲ.

ಗಂಡಸರೆಲ್ಲ ಸೇನೆಗೆ ಹೋದಂತೆ ಹೊಲದಲ್ಲೂ ಕಾರ್ಖಾನೆಯಲ್ಲೂ ಆ ಜಾಗಕ್ಕೆ ಬಂದವರು ಹಿಡಿದು ತಂದ ಪರದೇಶಿಗಳು. 1944ರ ಬೇಸಿಗೆಯ ಕೊನೆಗೆ, ಯುದ್ಧ ಕೈದಿಗಳೂ ಸೇರಿ ಅವರ ಸಂಖ್ಯೆ 76 ಲಕ್ಷದಷ್ಟಾಗಿತ್ತು. ಪೋಲೆಂಡಿನವರು ಎದೆಯ ಮೇಲೆ 'ಪಿ' ಅಕ್ಷರ ಧರಿಸಬೇಕು, ಸೋವಿಯತ್ ನೆಲದಿಂದ ಬಂದವರು 'ಓಸ್ಟ್' (ಪೂರ್ವ) ಎಂಬ ಪಟ್ಟಿ. ರೈತನ ಮನೆಯವರು ಅವರನ್ನು ತಮ್ಮ ಊಟದ ಮೇಜಿಗೆ ಕೂಡಿಸಿಕೊಳ್ಳಬಾರದೆಂಬ ನಿಯಮವಿತ್ತು. ಜೊತೆಯಲ್ಲೇ ಬೆವರು ಸುರಿಸಿದವನನ್ನು ಬೇರೆ ಕೂಡಿಸಲು ಮನಸ್ಸಾಗದೆ ಎಷ್ಟೋ ರೈತರು ಅದನ್ನು ಮುರಿದರು, ಎಷ್ಟೋ ಜನ ಮುರಿಯಲಿಲ್ಲ. ಜರ್ಮನ್ ಹೆಣ್ಣಿನೊಡನೆ ಸಂಬಂಧ ಬೆಳೆಸಿದ ಪೋಲಿಷ್ ಕೂಲಿಯಾಳನ್ನು ಊರವರೆದುರು ನೇಣಿಗೇರಿಸಿದ, ಹೆಣ್ಣಿನ ತಲೆ ಬೋಳಿಸಿ ಮೆರವಣಿಗೆ ಮಾಡಿದ ಪ್ರಸಂಗಗಳಿವೆ. ಕೊನೆಯ ವರ್ಷಗಳಲ್ಲಿ ನಾಜಿಗಳು ಹಚ್ಚಿದ ಬೆಂಕಿ ಜರ್ಮನ್ನರ ಮನೆಗೂ ಬಂದಿತು. 1943ರ ಜುಲೈ ಕೊನೆಯ ಬಾಂಬ್ ದಾಳಿಗಳಲ್ಲಿ ಹ್ಯಾಂಬರ್ಗ್ ಒಂದರಲ್ಲೇ ಸುಮಾರು 35,000 ಜನ ಸತ್ತರು; ಇಡೀ ಯುದ್ಧದಲ್ಲಿ 50 ಲಕ್ಷಕ್ಕೂ ಹೆಚ್ಚು ಜರ್ಮನ್ ಸೈನಿಕರು ಅಳಿದರು.

ಕಾರಿಗಾಗಿ ಚೀಟಿ ಅಂಟಿಸಿದವರು ಯುದ್ಧದ ನಂತರ ಸುಮ್ಮನೆ ಕೂರಲಿಲ್ಲ. ಕಟ್ಟಿದ ಹಣಕ್ಕೆ ಬದಲು ಕಾರು ಕೊಡಬೇಕೆಂದು ಅವರು ಆ ಕಾರ್ಖಾನೆ ನಡೆಸುತ್ತಿದ್ದ ಫೋಕ್ಸ್‌ವ್ಯಾಗನ್ ಕಂಪನಿಯ ಮೇಲೆ ಹೂಡಿದ ಮೊಕದ್ದಮೆ ಹತ್ತಾರು ವರ್ಷ ಎಳೆದಾಡಿ, 1961ರಲ್ಲಿ ರಾಜಿಯಲ್ಲಿ ಮುಗಿಯಿತು: ಹೊಸ ಕಾರು ಕೊಂಡರೆ ಬೆಲೆಯಲ್ಲಿ ರಿಯಾಯಿತಿ, ಬೇಡದವರಿಗೆ ಸ್ವಲ್ಪ ನಗದು. ಯುದ್ಧಕಾಲದಲ್ಲಿ ಅದೇ ಕಾರ್ಖಾನೆಯಲ್ಲಿ ಸುಮಾರು 20,000 ಮಂದಿ ಬಲವಂತದ ದುಡಿಮೆ ಮಾಡಿದ್ದರು. ಅವರಿಗಾಗಿ ಕಂಪನಿ ನೆರವು ನಿಧಿ ಸ್ಥಾಪಿಸಿದ್ದು 1998ರಲ್ಲಿ. ದೇಶದ ಇತರ ಕಾರ್ಖಾನೆಗಳಲ್ಲೂ ಹೊಲಗಳಲ್ಲೂ ಹಾಗೆ ದುಡಿದವರಿಗಾಗಿ ಜರ್ಮನ್ ಸರ್ಕಾರವೂ ಉದ್ಯಮಗಳೂ ಸೇರಿ ಪ್ರತಿಷ್ಠಾನವೊಂದನ್ನು ಕಾನೂನಿನ ಮೂಲಕ ರಚಿಸಿದ್ದು 2000ದಲ್ಲಿ. 2007ರಲ್ಲಿ ಪಾವತಿ ಮುಗಿಯುವ ಹೊತ್ತಿಗೆ 16 ಲಕ್ಷಕ್ಕೂ ಹೆಚ್ಚು ಜನರಿಗೆ ಒಟ್ಟು 440 ಕೋಟಿ ಯೂರೊ ತಲುಪಿತ್ತು. ದುಡಿದವರಲ್ಲಿ ಬಹಳಷ್ಟು ಮಂದಿ ಅಷ್ಟರಲ್ಲಿ ತೀರಿಕೊಂಡಿದ್ದರು.